ಕಡಲಿಗೆ ಹೊರಟವರ ಹತ್ರ ಗಂಟಿ ಕೇಣ್ಕ್

ನಮ್ಮ ಬದಿಯಲ್ಲಿ ಮನೆಯಿಂದ ಹೊರಟವರ ಹತ್ರ "ಎಲ್ಲಿಗೆ?" ಅಂತ ಕೇಂಬುಕಾಗ. ಕೇಂಡ್ರೆ ಹೋದ ಕೆಲಸ ಆತಿಲ್ಲೆ ಅಂತ ಹಿರಿಯರು ಹೇಳಿದ್ದು. ಅದಕ್ಕೇ "ದೂರ ಹೊಂಟದ್ದಾ?" ಅಂತ ಸುತ್ತು ಬಳಸಿ ಕೇಂಬುದು. ಹೊರಟವರೂ "ಹೋತೆ" ಅನ್ನುಕಾಗ, "ಬತ್ತೆ" ಅನ್ಕ್. ಇದು ಚಂದದ ಪದ್ಧತಿ. ಸಂತೆಗೆ, ಬ್ಯಾಂಕಿಗೆ, ಹೆಣ್ಣು ಕಾಂಬುಕೆ ಹೊರಟವರಿಗೆ ಇದು ಹೀಂಗೇ ಇರ್ಲಿ, ನನ್ನ ತಕರಾರಿಲ್ಲ. ಆದರೆ ಕಡಲಿಗೆ ಹೊರಟವರ ಮಟ್ಟಿಗೆ ಈ ಪದ್ಧತಿಯನ್ನ ನಾವು ಹೆಂಗ್ಸರು ಬಿಡ್ಕ್ ಅಂತ ನಾನು ಹೇಳ್ತೆ. ಎಲ್ಲಿಗೆ, ಯಾವ ದಾರಿ, ಎಷ್ಟು ಗಂಟಿಗೆ ಹೊರಡುದು, ಎಷ್ಟು ಗಂಟಿಗೆ ಮುಟ್ಟುದು, ಮುಟ್ಟದಿದ್ರೆ ನಾವು ಎಂತ ಮಾಡ್ಕ್, ಇಷ್ಟೂ ಕೇಣ್ಕ್. ಕೇಂಡದ್ದನ್ನ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸ್ಕ್.

ಈಗ ಈ ಮಾತು ಎಂತಕ್ಕೆ ಬಂತು ಅಂದ್ರೆ, ನನ್ನ ತಮ್ಮ ಮಂಗಳೂರಿನಲ್ಲಿ ಒಂದು ಫೈಬರ್ ದೋಣಿ ತಕಂಡಿದ್ದ. ಒಬ್ಬರು ನಾಲ್ಕು ವರ್ಷ ಓಡಿಸಿದ ದೋಣಿ, ಆದರೆ ನಮ್ಮ ಮನೆಗೆ ಅದು ಹೊಸತೇ. 24 ಅಡಿ ಉದ್ದ, ಹಿಂದೆ 40 ಎಚ್‌ಪಿಯ ಪೆಟ್ರೋಲ್ ಔಟ್‌ಬೋರ್ಡ್ ಎಂಜಿನ್. ಸಂಕ್ರಾಂತಿ ಕಳೆದ ಮೇಲೆ ಅದನ್ನ ಕಡಲಲ್ಲೇ ಓಡಿಸಿಕೊಂಡು ಗಂಗೊಳ್ಳಿಗೆ ತಪ್ಪುದು ಅಂತ ತೀರ್ಮಾನ. ದೋಣಿಯ ದುಡ್ಡಿಗೆ ಅವನ ಹೆಂಡ್ತಿಯ ಎರಡು ಬಳೆ ಸೊಸೈಟಿಯಲ್ಲಿ ಅಡವಿಗೆ ಹೋಗಿವೆ. ಹಾಂಗಾಗಿ ಆ ದೋಣಿಯಲ್ಲಿ ತೇಲುದು ಅವಳ ಗಂಡ ಮಾತ್ರ ಅಲ್ಲ, ಅವಳ ಬಳೆಯೂ ತೇಲ್ತಾ ಇರ್ತದೆ. ಅಂಥವಳು "ಎಷ್ಟು ಗಂಟಿಗೆ ಬತ್ರಿ?" ಅಂತ ಕೇಂಡ್ರೆ ಅಪಶಕುನ ಅಂದ್ರೆ ಅದು ಯಾವ ನ್ಯಾಯ?

ಮಂಗಳೂರಿಂದ ಕುಂದಾಪುರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಸ್ಸು ಹತ್ತಿದರೆ ಎರಡು-ಎರಡೂವರೆ ಗಂಟೆ. ಬಸ್ಸು ಕೆಟ್ಟರೆ ಮತ್ತೊಂದು ಬಸ್ಸು. ಹಸಿವಾದರೆ ಪಡುಬಿದ್ರಿಯಲ್ಲಿ ಚಾ, ಬನ್ಸು. ಕಡಲಲ್ಲಿ ಹಾಂಗಲ್ಲ. ಅಲ್ಲಿಯ ದೂರದ ಲೆಕ್ಕ ನಾಟಿಕಲ್ ಮೈಲಿನಲ್ಲಿ. ಒಂದು ನಾಟಿಕಲ್ ಮೈಲು ಅಂದ್ರೆ 1.852 ಕಿಲೋಮೀಟರ್. ಮಂಗಳೂರಿನ ಅಳಿವೆಯಿಂದ ಮಲ್ಪೆಗೆ ಸುಮಾರು 30 ಮೈಲು, ಮಲ್ಪೆಯಿಂದ ಗಂಗೊಳ್ಳಿಗೆ ಸುಮಾರು 18. ಒಟ್ಟು 48 ಮೈಲು, ನಮ್ಮ ಲೆಕ್ಕದಲ್ಲಿ 89 ಕಿಲೋಮೀಟರಿನ ಹತ್ತಿರ. ಗಂಟೆಗೆ 10 ನಾಟಿಕಲ್ ಮೈಲು ಓಡಿದರೆ, ಅದನ್ನೇ 10 ನಾಟ್ ಅಂಬುದು, ಐದು ಗಂಟೆಯ ದಾರಿ. ಕೇಂಬುಕೆ ಸುಲಭ. ತಮ್ಮನೂ ಮೊದಲು ಹಾಂಗೇ ಹೇಳಿದ್ದು, "ಎಂತ ಅಕ್ಕ, ಐದ್ ಗಂಟಿ. ಬೆಳ್ಗೆ ತಿಂಡಿ ತಿಂದ್ ಹೊಂಟ್ರೆ ಸಂಜಿ ಚಾಕ್ಕೆ ಮನಿಗೆ."

ಮನೆಯಲ್ಲಿ ಹತ್ತು ಜನಕ್ಕೆ ಊಟ ಹಾಕಿದ ಯಾವ ಹೆಂಗಸಿಗೂ ಈ ಲೆಕ್ಕದಲ್ಲಿ ಎಂತ ಕಡಿಮೆ ಅಂತ ಗೊತ್ತಾಗ್ತದೆ. ಐದು ಗಂಟೆ ಅಂಬುದು ಎಲ್ಲ ಸರಿಯಾಗಿ ಆದರೆ ಬಪ್ಪು ಲೆಕ್ಕ. ಎಲ್ಲ ಸರಿಯಾಗಿ ಆದ ಅಡುಗೆ ಯಾವತ್ತಾದರೂ ಉಂಟಾ?

ಮೊದಲನೆಯದು ಗಾಳಿ. ಮಳೆಗಾಲ ಕಳೆದ ಮೇಲೆ ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ಹೊತ್ತು ಮೂಡಗಾಳಿ, ನೆಲದಿಂದ ಕಡಲಿಗೆ ಬೀಸುದು. ನೀರು ಮಟ್ಟಸ ಇರ್ತದೆ. ಮಧ್ಯಾಹ್ನದ ಮೇಲೆ ನೆಲ ಕಾದು ಗಾಳಿ ತಿರುಗ್ತದೆ. ಆಗ ಬಪ್ಪುದು ಪಡುಗಾಳಿ, ಅದೂ ಹೆಚ್ಚಿನ ದಿನ ವಾಯವ್ಯದಿಂದ. ಮಂಗಳೂರಿಂದ ಗಂಗೊಳ್ಳಿಗೆ ಬಪ್ಪುದು ಉತ್ತರಕ್ಕೆ ಮುಖ ಮಾಡಿ. ಅಂದ್ರೆ ಮಧ್ಯಾಹ್ನದ ಗಾಳಿ, ತೆರೆ ಎರಡೂ ಮುಖಕ್ಕೇ ಹೊಡೀತವೆ. 24 ಅಡಿಯ ದೋಣಿ ತೆರೆಯ ಮೇಲೆ ಹಾರಿ ಹಾರಿ ಬೀಳ್ತದೆ, ವೇಗ ಅರ್ಧಕ್ಕೆ ಇಳೀತದೆ, ಪೆಟ್ರೋಲು ಮಾತ್ರ ಹೆಚ್ಚು ಕುಡೀತದೆ. ಹಾಂಗಾಗಿ ತಿಂಡಿ ತಿಂದು ಹತ್ತು ಗಂಟೆಗೆ ಹೊರಡುದಲ್ಲ, ಬೆಳಕು ಹರಿದ ಕೂಡ್ಲೇ ಏಳಕ್ಕೆ ಹೊರಡ್ಕ್. ತಿಂಡಿ ಕಟ್ಟಿ ಕೊಡುವ.

ಎರಡನೆಯದು ಮುಹೂರ್ತ. ನಮ್ಮ ಮನೆಯಲ್ಲಿ ದೊಡ್ಡ ಚರ್ಚೆ ಆದದ್ದು ಇದರ ಮೇಲೆಯೇ. ಭಟ್ರು ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಒಳ್ಳೆ ಗಳಿಗೆ ಇತ್ತ್ ಅಂದ್ರು. ಒಂಬತ್ತೂವರೆಗೆ ಮಂಗಳೂರು ಬಿಟ್ಟರೆ ಮಲ್ಪೆಗೆ ಬಪ್ಪಾಗಲೇ ಹನ್ನೆರಡೂವರೆ. ಮುಂದಿನ 18 ಮೈಲು ಪೂರಾ ಎದುರುಗಾಳಿಯಲ್ಲಿ. ಅದು ಸಾಲದು ಅಂತ, ಆ ಶುಕ್ರವಾರ ಗಂಗೊಳ್ಳಿಯಲ್ಲಿ ಭರತ ಬೆಳಿಗ್ಗೆ ಒಂಬತ್ತರ ಸುಮಾರಿಗೆ. ಇವರು ಬಂದು ಮುಟ್ಟುವ ಹೊತ್ತಿಗೆ ನೀರು ಇಳಿದು ಹೋಗ್ತಾ ಇರ್ತದೆ.

ಅಳಿವೆ ಬಾಗಿಲು ಕಂಡವರಿಗೆ ಇದು ಎಂತ ಅಂತ ಬಿಡಿಸಿ ಹೇಳುದು ಬ್ಯಾಡ. ಕಾಣದ ಮಕ್ಕಳಿಗೆ ಹೇಳ್ತೆ. ಗಂಗೊಳ್ಳಿಯಲ್ಲಿ ಐದು ಹೊಳೆಯ ನೀರು ಒಂದೇ ಬಾಗಿಲಲ್ಲಿ ಕಡಲಿಗೆ ಸೇರ್ತದೆ, ಅದಕ್ಕೇ ಪಂಚಗಂಗಾವಳಿ ಅಂಬುದು. ಇಳಿತದ ಹೊತ್ತಿಗೆ ಹೊಳೆಯ ನೀರು ಜೋರಾಗಿ ಹೊರಗೆ ಓಡ್ತದೆ, ಕಡಲ ತೆರೆ ಒಳಗೆ ಬತ್ತದೆ. ಎರಡೂ ಎದುರೆದುರು ಆದಲ್ಲಿ ತೆರೆ ಎದ್ದು ನಿಂತು ಮುರೀತದೆ. ಅಡಿಯಲ್ಲಿ ಮರಳು ದಿಬ್ಬ, ಮೇಲೆ ಮುರಿಯುವ ತೆರೆ. ಹೊರಗಿನ ಕಡಲಲ್ಲಿ ಎಂತ ಆಗದೆ ಬಂದ ದೋಣಿ ಮನೆಯ ಬಾಗಿಲಲ್ಲಿ ಮಗುಚುದು ಹೀಂಗೆ. ಭರತ ಏರ್ತಾ ಇಪ್ಪಾಗ, ಇಲ್ಲಾ ತುಂಬಿ ನಿಂತಿಪ್ಪಾಗ ಒಳಗೆ ಬಂದರೆ ಆಳ ಹೆಚ್ಚು, ಸೆಳೆತ ಕಡಿಮೆ.

ಭರತದ ಗಂಟೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗ್ತದೆ. ಶುಕ್ರವಾರ ಒಂಬತ್ತಕ್ಕೆ ಇದ್ದದ್ದು ಐದು ದಿನ ಕಳೆದು ಬುಧವಾರಕ್ಕೆ ಮಧ್ಯಾಹ್ನ ಒಂದರ ಹತ್ತಿರ ಬತ್ತದೆ. ಬುಧವಾರ ಏಳಕ್ಕೆ ಮಂಗಳೂರು ಬಿಟ್ಟರೆ ಗಂಗೊಳ್ಳಿ ಬಾಗಿಲಿಗೆ ಬಪ್ಪುದು ಸರಿಯಾಗಿ ಭರತ ತುಂಬುವ ಹೊತ್ತಿಗೆ. ಮಂಗಳೂರಲ್ಲಿ ಹೊರಡುವಾಗ ಇಳಿತ ಮುಗಿದು ನೀರು ನಿಂತಿರ್ತದೆ. ಇಷ್ಟು ಸಣ್ಣ ದೋಣಿಗೆ ಆ ಹೊತ್ತಿನಲ್ಲಿ ಆಳ ಸಾಕಾ ಅಂತ ಅಲ್ಲಿಯ ಬೋಟಿನವರ ಹತ್ರವೇ ಕೇಂಡು ಖಾತ್ರಿ ಮಾಡಿಕೊಂಡದ್ದು. ಪಂಚಾಂಗ ನೋಡಿ ಏಕಾದಶಿ, ಸಂಕಷ್ಟಿ ಲೆಕ್ಕ ಹಾಕುವವರು ನಾವು. ಹುಣ್ಣಿಮೆ-ಅಮಾಸೆಗೆ ಭರತ-ಇಳಿತ ಎರಡೂ ಜೋರು ಅಂಬುದೂ ನಮಗೆ ಗೊತ್ತಿದ್ದದ್ದೇ. ಹಾಂಗಾದ ಮೇಲೆ ಈ ಲೆಕ್ಕ ನಮಗೆ ಕಷ್ಟವಾ?

ಮುಹೂರ್ತದ ಜಗಳಕ್ಕೆ ನನ್ನ ಉತ್ತರ ಇಷ್ಟೇ: ಪೂಜೆ ಮುಹೂರ್ತಕ್ಕೆ, ಪಯಣ ಕಡಲು ಹೇಳಿದಾಗ. ಶುಕ್ರವಾರ ಒಂಬತ್ತೂವರೆಗೆ ದಕ್ಕೆಯಲ್ಲೇ ದೋಣಿಗೆ ಹೂ ಹಾಕಿ, ಕಾಯಿ ಒಡೆದು, ಎಂಜಿನ್ ಹಚ್ಚಿ ಹೊಳೆಯಲ್ಲಿ ಒಂದು ಗಂಟೆ ಸುತ್ತು ಹಾಕುದು. ದೇವರ ಕೆಲಸವೂ ಆಯ್ತ್, ಎಂಜಿನ್ನಿನ ಪರೀಕ್ಷೆಯೂ ಆಯ್ತ್. ಭಟ್ರ ಹತ್ರ ಹೀಂಗೆ ಅಂದ್ರೆ, "ಅದೂ ಸರಿಯೇ, ಹೊರಡುದಕ್ಕೆ ಬುಧವಾರವೂ ಅಡ್ಡಿಲ್ಲೆ" ಅಂದ್ರು. ದೇವರು, ಭಟ್ರು ಯಾರೂ ನಮ್ಮನ್ನ ಎದುರುಗಾಳಿಗೆ ದೂಡುದಿಲ್ಲ. ನಾವೇ ಅವರ ಹೆಸರು ಹೇಳಿ ಹೊರಡುದು.

ಬುಧವಾರ ಅಂತ ಬರೆದಿಟ್ಟರೂ ಅದು ಕಲ್ಲಿನಲ್ಲಿ ಕೆತ್ತಿದ್ದಲ್ಲ. ಹೈದರಾಬಾದಿನ ಇನ್‌ಕಾಯಿಸ್ ಅಂಬ ಸಂಸ್ಥೆ ಕಡಲಿನ ತೆರೆ, ಗಾಳಿ ಎಷ್ಟಿರ್ತದೆ ಅಂತ ಮುಂಚೆಯೇ ಹೇಳ್ತದೆ. ಹವಾಮಾನ ಇಲಾಖೆ ಮೀನುಗಾರರಿಗೆ ಬೇರೆಯೇ ಎಚ್ಚರಿಕೆ ಕೊಡ್ತದೆ. ಹಿಂದಿನ ರಾತ್ರಿ ಒಮ್ಮೆ, ಹೊರಡುವ ಬೆಳಿಗ್ಗೆ ಒಮ್ಮೆ, ಎರಡೂ ಕಾಣ್ಕ್. ಎಲ್ಲೋ ದೂರದ ಕಡಲಲ್ಲಿ ಎದ್ದ ಉಬ್ಬು ತೆರೆ ಇಲ್ಲಿ ಗಾಳಿ ಇಲ್ಲದ ದಿನವೂ ಬಂದು ಬಡೀತದೆ. ಹಾಂಗಾಗಿ ಬರೇ ಅಂಗಳದಲ್ಲಿ ನಿಂತು ತೆಂಗಿನ ಗರಿ ಕಂಡು ತೀರ್ಮಾನ ಮಾಡುದು ಸಾಲದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಹೊತ್ತಿಗೆ ನಮ್ಮ ಕಡಲು ಹೇಗೆ ರಸ್ತೆಗೇ ಬಂದಿತ್ತು ಅಂತ ಯಾರೂ ಮರೆತಿಲ್ಲ ಅಲ್ದಾ? ಎಚ್ಚರಿಕೆ ಇದ್ದ ದಿನ ಹೊರಡುದು ಇಲ್ಲೆ, ಅಷ್ಟೇ. ಕಟ್ಟಿದ ತಿಂಡಿ ದಕ್ಕೆಯಲ್ಲೇ ಕೂತು ತಿಂದು ಬಸ್ಸಿಗೆ ಬಪ್ಪುದು.

ಮೂರನೆಯದು ಪೆಟ್ರೋಲು. 40 ಎಚ್‌ಪಿಯ ಎಂಜಿನ್ ಪೂರಾ ಕೊಟ್ಟು ಓಡಿಸಿದರೆ ಗಂಟೆಗೆ 15 ಲೀಟರಿನ ಸುಮಾರಿಗೆ ಕುಡೀತದೆ. ಹದವಾಗಿ ಓಡಿಸಿದರೆ 10 ಅಂತ ಇಟ್ಕಳ್ಳಿ. ಐದು ಗಂಟೆಗೆ 50 ಲೀಟರ್. ತಮ್ಮ "50 ಸಾಕ್" ಅಂದ. ನಾನು ಕೇಂಡೆ, "ನಿನ್ ಮದಿಯಂಗೆ 500 ಜನ ಅಂದೇಳಿ 500 ಎಲಿಗೇ ಅಡ್ಗಿ ಮಾಡ್ಸಿದ್ಯಾ?" ಕಡಲವರಲ್ಲಿ ಒಂದು ಲೆಕ್ಕ ಇದೆ: ತುಂಬಿದ ಎಣ್ಣೆಯಲ್ಲಿ ಮೂರರಲ್ಲಿ ಒಂದು ಪಾಲು ಹೋಪುಕೆ, ಒಂದು ಪಾಲು ಬಪ್ಪುಕೆ, ಒಂದು ಪಾಲು ಮುಟ್ಟದೆ ಇಡುಕೆ. ಇದು ಒಂದೇ ಬದಿಯ ದಾರಿಯಾದರೂ ಆ ಮೂರನೇ ಪಾಲು ಇರ್ಕ್. 50 ಬೇಕಾದಲ್ಲಿ 75. ಇನ್ನೊಂದು ಮಾತು, 10 ಲೀಟರ್ ಅಂಬುದು ಅಂದಾಜು. ಶುಕ್ರವಾರ ಹೊಳೆಯಲ್ಲಿ ಒಂದು ಗಂಟೆ ಓಡಿಸಿ, ಎಷ್ಟು ಕುಡೀತು ಅಂತ ಅಳೆದು, ಆಮೇಲೆ ಗುಣಿಸ್ಕ್. ಹೊಸ ಕುಕ್ಕರಿಗೆ ಎಷ್ಟು ನೀರು ಅಂತ ನಾವು ಮೊದಲ ದಿನವೇ ಮದುವೆ ಅಡುಗೆಯಲ್ಲಿ ಕಲಿಯುದಿಲ್ಲ.

ನಾಲ್ಕನೆಯದು ದೋಣಿಯೇ. ಹೊಸತಾಗಿ ತಕಂಡ ದೋಣಿ ಅಂದ್ರೆ ಹೊಸತಾಗಿ ಬಂದ ದನ ಇದ್ದ ಹಾಂಗೆ. ಯಾವಾಗ ಒದೀತದೆ ಅಂತ ಗೊತ್ತಾಪುಕೆ ಸ್ವಲ್ಪ ದಿನ ಬೇಕು. ಹಳೆ ಟ್ಯಾಂಕಿನಲ್ಲಿ ನೀರು, ಕೆಸರು ತಳ ಹಿಡಿದಿದ್ದರೆ ಹೊಳೆಯಲ್ಲಿ ಗೊತ್ತಾತಿಲ್ಲೆ. ಕಡಲ ತೆರೆಗೆ ದೋಣಿ ಕುಲುಕಿದಾಗ ಅದು ಮೇಲೆ ಬಂದು ಎಂಜಿನ್ ನಿಲ್ಲಿಸ್ತದೆ. ಹಾಂಗಾಗಿ ಟ್ಯಾಂಕು ಖಾಲಿ ಮಾಡಿ ತೊಳೆಸ್ಕ್, ಪೆಟ್ರೋಲಿನ ಫಿಲ್ಟರ್ ಬದಲಿಸ್ಕ್, ಇನ್ನೊಂದು ಫಿಲ್ಟರ್ ಕೈಯಲ್ಲಿ ಇರ್ಕ್. ಸ್ಪಾರ್ಕ್ ಪ್ಲಗ್ಗು, ಸ್ಪ್ಯಾನರ್, ಫ್ಯಾನಿಗೆ ಬಲೆ ಸಿಕ್ಕಿದರೆ ಕೊಯ್ಯುಕೆ ಹರಿತದ ಕತ್ತಿ. ಲಂಗರು ಮತ್ತು ಸಾಕಷ್ಟು ಉದ್ದದ ಹಗ್ಗ. ಹಗ್ಗ ನೀರಿನ ಆಳದ ಐದಾರು ಪಾಲು ಉದ್ದ ಇದ್ದರೇ ಲಂಗರು ಕಚ್ಚುದು. ಎಂಜಿನ್ ನಿಂತ ದೋಣಿಗೆ ಲಂಗರೇ ಬ್ರೇಕು. ಎರಡು ಹುಟ್ಟು, ನೀರು ಮೊಗೆಯುಕೆ ಬಾಲ್ದಿ, ಟಾರ್ಚು, ಸೀಟಿ, ಕುಡಿಯುವ ನೀರು ಒಂದು ಕೊಡಪಾನ. ಎಂಜಿನ್ನಿಗೆ ಸಿಕ್ಕಿಸುವ ಒಂದು ಕೆಂಪು ಸುರುಳಿ ಹಗ್ಗ ಇರ್ತದೆ, ಅದನ್ನ ಓಡಿಸುವವನ ಮೈಗೆ ಕಟ್ಟಿದರೆ ಅವನು ನೀರಿಗೆ ಬಿದ್ದ ಕೂಡ್ಲೇ ಎಂಜಿನ್ ನಿಲ್ತದೆ. ಅದನ್ನ ಹೆಚ್ಚಿನವರು ದೋಣಿಗೇ ಕಟ್ಟಿ ಬಿಡ್ತಾರೆ. ದೋಣಿ ನೀರಿಗೆ ಬೀಳುದಾ, ಮನುಷ್ಯ ಬೀಳುದಾ?

ಲೈಫ್ ಜಾಕೆಟು ಮೂರು ಜನಕ್ಕೆ ಮೂರು, ಮೈಮೇಲೆ. ಸೀಟಿನ ಅಡಿಯಲ್ಲಿ ಇಟ್ಟ ಜಾಕೆಟು ಕಪಾಟಿನಲ್ಲಿಟ್ಟ ಕೊಡೆಯ ಹಾಂಗೆ. ದೋಣಿಯ ಕಾಗದಪತ್ರ, ನೋಂದಣಿ, ಹೆಸರು ಬದಲಾದ ದಾಖಲೆ, ಮೂವರ ಗುರುತಿನ ಚೀಟಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಇರ್ಕ್. 2008ರಲ್ಲಿ ಮುಂಬೈಗೆ ಭಯೋತ್ಪಾದಕರು ಕಡಲ ದಾರಿಯಲ್ಲಿ ಬಂದ ಮೇಲೆ ಗುರುತು ಪರಿಚಯ ಇಲ್ಲದ ದೋಣಿಯನ್ನ ನಡುಗಡಲಲ್ಲಿ ನಿಲ್ಲಿಸಿ ಕೇಂಬುದು ಸಹಜ. ಹೊರಡುವ ಮೊದಲು ಮಂಗಳೂರು, ಮಲ್ಪೆ, ಗಂಗೊಳ್ಳಿಯ ಕರಾವಳಿ ಕಾವಲು ಪೊಲೀಸರಿಗೆ "ಇಂಥ ದೋಣಿ ಇಂಥ ದಿನ ಬತ್ತದೆ" ಅಂತ ಒಂದು ಮಾತು ಹೇಳಿಟ್ಟರೆ ಅದೂ ಒಂದು ರಕ್ಷಣೆ.

ಇಷ್ಟೆಲ್ಲ ಮಾಡಿದ ಮೇಲೆ ಬಪ್ಪುದು ನಮ್ಮ ಕಾಗದ. ನಾವು ಬರೆದದ್ದನ್ನ ಹಾಂಗೇ ಹೇಳ್ತೆ. ದೋಣಿಯ ಬಣ್ಣ, ನೋಂದಣಿ ನಂಬ್ರ, ಎಂಜಿನ್, ಒಂದು ಫೋಟೋ. ಒಳಗೆ ಇಪ್ಪುದು ಮೂವರು, ಅವರ ಹೆಸರು, ಮೊಬೈಲು, ಯಾರಿಗೆ ಯಾವ ಮದ್ದು. ದಾರಿ: ಮಂಗಳೂರು ಅಳಿವೆಯಿಂದ ಹೊರಗೆ ಬಂದು ಉತ್ತರಕ್ಕೆ. ಪಣಂಬೂರಿನಲ್ಲಿ ದೊಡ್ಡ ಹಡಗು ಒಳಗೆ ಬಪ್ಪು ಕಾಲುವೆಯನ್ನ ಅಡ್ಡಡ್ಡ, ಬೇಗ ದಾಟುದು, ಹಡಗಿನ ಎದುರಿಗೆ ಹೋಪುದು ಇಲ್ಲೆ. ಬಲಕ್ಕೆ ಸುರತ್ಕಲ್ ದೀಪಸ್ತಂಭ, ಆಮೇಲೆ ಎಲ್ಲೂರು ವಿದ್ಯುತ್ ಸ್ಥಾವರದ ಚಿಮಣಿ, ಕಾಪುವಿನ ದೀಪಸ್ತಂಭ. ಹತ್ತು ಗಂಟೆಗೆ ಮಲ್ಪೆ. ಅಲ್ಲಿ ಇಳಿದು ಫೋನು, ಚಾ, ಎಣ್ಣೆ ಎಷ್ಟು ಉಳಿದಿದೆ ಅಂತ ಅಳೆಯುದು. ಮುಕ್ಕಾಲು ಗಂಟೆ ಕಳೆದು ಹೊರಟು, ಸೈಂಟ್ ಮೇರೀಸ್ ದ್ವೀಪದ ಬಂಡೆಗಳಿಂದ ಸಾಕಷ್ಟು ಹೊರಗೆ ಸುತ್ತಿ, ಕೋಡಿಬೆಂಗ್ರೆ, ಕೋಟ ಪಡುಕೆರೆ ಎದುರು ಬಲೆ ಇದ್ದಲ್ಲಿ ತಪ್ಪಿಸಿ, ಕುಂದಾಪುರ ಕೋಡಿಯ ದೀಪಸ್ತಂಭ ಕಂಡ ಮೇಲೆ ಅಳಿವೆ ಬಾಗಿಲು. ಮಧ್ಯಾಹ್ನ ಮುಕ್ಕಾಲು ಗಂಟೆ ಕಳೆದು ಒಂದರ ಒಳಗೆ ಗಂಗೊಳ್ಳಿ ದಕ್ಕೆ.

ಇದರ ಅಡಿಯಲ್ಲಿ ಎರಡು ಸಾಲು ಕೆಂಪು ಪೆನ್ನಿನಲ್ಲಿ. ಮೊದಲನೆಯದು ಹೋಪವರಿಗೆ: ಹನ್ನೊಂದೂವರೆ ಒಳಗೆ ಮಲ್ಪೆ ಬಿಡುಕೆ ಆಗದಿದ್ರೆ ಅವತ್ತು ಮುಂದೆ ಹೊರಡುದು ಇಲ್ಲೆ. ದೋಣಿ ಕಟ್ಟಿ ಚಿಕ್ಕಮ್ಮನ ಮನೆಗೆ ಹೋಪುದು, ಇಲ್ಲಾ ಬಸ್ಸು ಹತ್ತುದು. ಎರಡನೆಯದು ಮನೆಯಲ್ಲಿ ಕೂತವರಿಗೆ: ಹನ್ನೊಂದರವರೆಗೆ ಮಲ್ಪೆಯಿಂದ ಫೋನು ಬರದಿದ್ರೆ ನಾವು ಅವರಿಗೆ ಮಾಡುದು, ಚಿಕ್ಕಮ್ಮನ ಮಗನನ್ನ ದಕ್ಕೆಗೆ ಕಳಿಸುದು. ಹನ್ನೆರಡಾದರೂ ಸುದ್ದಿ ಇಲ್ಲದಿದ್ರೆ ಯಾರ ಹತ್ರವೂ ಕೇಣದೆ 1554ಕ್ಕೆ ಫೋನ್ ಮಾಡುದು. ಅದು ಕೋಸ್ಟ್ ಗಾರ್ಡಿನವರ ನಂಬ್ರ. 1093 ಕರಾವಳಿ ಕಾವಲು ಪೊಲೀಸರದ್ದು. ಗಂಗೊಳ್ಳಿಗೂ ಇದೇ ಲೆಕ್ಕ: ಒಂದೂಮುಕ್ಕಾಲಕ್ಕೆ ಹುಡುಕುದು, ಎರಡೂಮುಕ್ಕಾಲಕ್ಕೆ 1554.

ನನಗೆ ಕೇಂಡ್ರೆ ಇಡೀ ಕಾಗದದಲ್ಲಿ ಮುಖ್ಯವಾದ್ದು ಈ "ಯಾರ ಹತ್ರವೂ ಕೇಣದೆ" ಅಂಬ ಮಾತು. ಕಡಲಿಗೆ ಹೋದವರು ಬರದ ಸಂಜೆ ಮನೆಯಲ್ಲಿ ಎಂತ ಆತ್ತ್ ಅಂತ ನಿಮಗೆ ಗೊತ್ತು. ಒಬ್ಬರು "ಇನ್ನೊಂದ್ ಗಳ್ಗಿ ಕಾಂಬ" ಅಂತ್ರ್. ಇನ್ನೊಬ್ಬರು "ಸುಮ್ನೆ ಪೊಲೀಸ್ರಿಗೆ ಹೇಳಿ ಊರಿಗೆಲ್ಲ ಸುದ್ದಿ ಮಾಡುದ್ ಬ್ಯಾಡ" ಅಂತ್ರ್. ಕಾಯುವ ಹೆಂಡತಿಗೆ ಬಾಯಿ ಬತ್ತಿಲ್ಲೆ. ಫೋನ್ ಮಾಡಿದ ಮೇಲೆ ಗಂಡ ನಗ್ತಾ ಬಂದರೆ ನಾಚಿಕೆ. ಮಾಡದೆ ಇದ್ದು ಬಾರದೆ ಹೋದರೆ ಜನ್ಮ ಪೂರ್ತಿ ಕೊರಗು. ಆ ಹೊತ್ತಿನಲ್ಲಿ ತೀರ್ಮಾನ ಮಾಡು ಅಂತ ಅವಳೊಬ್ಬಳ ತಲೆಗೆ ಹಾಕುದು ಕ್ರೂರ. ಅದೇ ತೀರ್ಮಾನವನ್ನ ಎರಡು ದಿನ ಮೊದಲು, ಹೋಪವನೂ ಕೂತು, ಚಾ ಕುಡೀತಾ, ಹಗಲು ಬೆಳಕಿನಲ್ಲಿ ಮಾಡಿಟ್ಟರೆ ಹನ್ನೆರಡು ಗಂಟೆಗೆ ಅವಳು ಯೋಚನೆ ಮಾಡ್ಕಾದ್ದೇ ಇಲ್ಲೆ. ಗಂಟೆ ನೋಡುದು, ನಂಬ್ರ ಒತ್ತುದು.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟಿನ ಹೆಸರು ಕೇಂಡ್ರೆ ಈಗಲೂ ನಮ್ಮ ಬದಿಯಲ್ಲಿ ಮಾತು ನಿಲ್ತದೆ. ಏಳು ಜನ. ಮಹಾರಾಷ್ಟ್ರದ ಕಡಲಲ್ಲಿ ಒಂದು ರಾತ್ರಿ ಸಂಪರ್ಕ ಕಡಿದು ಹೋಯಿತು. ಬೋಟಿನ ಅವಶೇಷ ಮಾಲ್ವಣದ ಹತ್ತಿರ ಕಡಲ ತಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಆ ಮನೆಗಳ ಹೆಂಗ್ಸರು ಹೇಗೆ ಕಾದರು ಅಂತ ನೆನೆದರೆ ಹೊಟ್ಟೆ ಚುರುಕ್ ಅಂತದೆ. ಫ್ರಿಜ್ಜಿನ ಮೇಲಿನ ಕಾಗದ ಕಡಲನ್ನ ತಡೀತದೆ ಅಂತ ನಾನು ಹೇಳುದಿಲ್ಲ. ಅಷ್ಟು ದೊಡ್ಡ ಬೋಟಿಗೆ, ಅಷ್ಟು ದೂರದಲ್ಲಿ ಆದದ್ದಕ್ಕೂ ನಮ್ಮ ಸಣ್ಣ ದೋಣಿಗೂ ಹೋಲಿಕೆಯೂ ಬ್ಯಾಡ. ಆದರೆ ಹುಡುಕುವವರು ಕೇಂಬು ಮೊದಲ ಪ್ರಶ್ನೆ ಎಲ್ಲ ಕಡೆಯೂ ಒಂದೇ: ಕೊನೆಗೆ ಎಷ್ಟು ಗಂಟೆಗೆ, ಎಲ್ಲಿದ್ದರು? ಅದಕ್ಕೆ ಉತ್ತರ ಇದ್ದರೆ ಹುಡುಕುಕೆ ಒಂದು ಜಾಗ ಸಿಕ್ತದೆ. ಇಲ್ಲದಿದ್ರೆ ಇಡೀ ಅರಬ್ಬೀ ಸಮುದ್ರ.

ಅಮ್ಮ ಈ ಕಾಗದ ಕಂಡು ಎರಡು ದಿನ ನನ್ನ ಹತ್ರ ಸರಿ ಮಾತಾಡಲಿಲ್ಲ. "ಹೆಣೆ, ಬಾರ್ದಿದ್ರೆ ಅಂದೇಳಿ ಬರ್ದ್ರೆ ಕೆಟ್ಟದ್ದನ್ನ ನಾವೇ ಬಾಯ್ ಬಿಟ್ ಕರ್ದ ಹಾಂಗೆ ಆತ್ತ್" ಅಂದ್ಲು. ಆ ಹೆದರಿಕೆಗೆ ನಾನು ನಗುದಿಲ್ಲ. ಆದರೆ ನೀವೇ ಹೇಳಿ, ಮದುವೆ ಚಪ್ಪರಕ್ಕೆ ತಗಡು ಹೊದೆಸುವಾಗ ನಾವು ಮಳೆಯನ್ನ ಕರೀತೇವಾ? ಬಸುರಿ ಹೆಣ್ಣಿಗೆ ಏಳು ತಿಂಗಳು ತುಂಬಿದ ಕೂಡ್ಲೇ ರಿಕ್ಷಾದವನ ನಂಬ್ರ ಗೋಡೆ ಮೇಲೆ ಬರೀತೇವೆ, ಅದು ಅಪಶಕುನವಾ? ಅದನ್ನ ಜಾಗ್ರತೆ ಅಂತೇವೆ. ಕಡಲಿಗೆ ಹೋಪ ಗಂಡು ಮಕ್ಕಳಿಗೂ ಅದೇ ಜಾಗ್ರತೆ ಸಲ್ಲುದು.

ಮಾವನದ್ದು ಬೇರೆ ತಕರಾರು. ಅವರು ಮೂವತ್ತು ವರ್ಷ ತಾಂಡೇಲ ಆಗಿದ್ದವರು. "ನಮ್ ಕಾಲ್ದಾಗೆ ಯಾವ್ ಕಾಗ್ದ ಇದ್ದಿತ್ತ್? ನಕ್ಷತ್ರ ಕಂಡ್ ಹೋಯ್ ಬಂದಿತ್" ಅಂದ್ರು. ಹೌದು ಮಾವ, ಆದರೆ ನಿಮ್ಮ ಕಾಲದಲ್ಲಿ ನೀವು ಒಬ್ಬರೇ ಹೋದದ್ದಲ್ಲ. ಹತ್ತು ದೋಣಿ ಒಟ್ಟಿಗೆ ಹೋಪುದು, ಒಂದು ಬಾರದಿದ್ರೆ ಒಂಬತ್ತು ತಿರುಗಿ ಹುಡುಕುಕೆ ಹೋಪುದು. ದಡದಲ್ಲಿ ಇಡೀ ಕೇರಿ ಕಾದು ನಿಂತಿಪ್ಪುದು. ನಿಮ್ಮ ಕಾಗದ ಆ ಕೇರಿಯೇ ಆಗಿತ್ತು. ಈಗ ತಮ್ಮ ಒಂಟಿ ದೋಣಿಯಲ್ಲಿ, ಗುರುತು ಇಲ್ಲದ ಎಂಜಿನ್ ಹಚ್ಚಿ, ತನ್ನದಲ್ಲದ ಬಂದರಿನಿಂದ ಹೊರಡುದು. ಅವನ ಬೆನ್ನಿಗೆ ಆ ಒಂಬತ್ತು ದೋಣಿ ಇಲ್ಲೆ. ಇಷ್ಟು ಹೇಳಿದ ಮೇಲೆ ಮಾವನೇ ಕಾಗದ ತಕಂಡು ಎರಡು ಕಡೆ ತಿದ್ದಿದ್ರು, "ಮಲ್ಪಿ ಬಿಟ್ ಮೇಲ್ ದ್ವೀಪಕ್ಕೆ ಇಷ್ಟ್ ಹತ್ರ ಬರುಕಾಗ, ಇನ್ನೂ ಹೊರ್ಗ್ ಹೋಯ್ಕ್" ಅಂತ. ಬೈದವರೇ ತಿದ್ದಿಕೊಟ್ಟರೆ ಅದಕ್ಕಿಂತ ದೊಡ್ಡ ಒಪ್ಪಿಗೆ ಬೇಕಾ?

ತಮ್ಮನ ತಕರಾರು ಮೊಬೈಲಿನದ್ದು. "ಲೊಕೇಶನ್ ಕಳ್ಸ್ತೆ ಅಲ್ದಾ ಅಕ್ಕ" ಅಂತ. ದಡ ಬಿಟ್ಟು ದೂರ ಹೋದ ಹಾಂಗೆ ಸಿಗ್ನಲ್ ಸಾಯ್ತದೆ, ಆಗ ಲೊಕೇಶನ್ನೂ ಬತ್ತಿಲ್ಲೆ. ಫೋನಿನ ಜಿಪಿಎಸ್ ಉಪಗ್ರಹದಿಂದ ಬಪ್ಪುದು. ಮೊದಲೇ ನಕ್ಷೆ ಇಳಿಸಿಕೊಂಡಿದ್ದರೆ ಅವನಿಗೆ ತಾನು ಎಲ್ಲಿದ್ದೇನೆ ಅಂತ ಕಾಂತದೆ, ನಮಗೆ ಕಾಂಬುದಿಲ್ಲ. ಉಪ್ಪುನೀರು ಬಿದ್ದರೆ ಫೋನೇ ಇಲ್ಲೆ. ಹಾಂಗಾಗಿ ಎರಡು ಫೋನು, ನೀರು ಹೋಗದ ತೊಟ್ಟೆಯಲ್ಲಿ, ಒಂದು ಬಂದ್ ಮಾಡಿ ಇಡುದು. ಒಂದು ವಿಎಚ್‌ಎಫ್ ಸೆಟ್ಟು ಎರವಲು ತಂದಿದ್ದಾನೆ. ಅದರಲ್ಲಿ 16ನೇ ಚಾನೆಲ್ ಅಪಾಯದ ಕರೆಗೆ ಇಪ್ಪುದು, ಹತ್ತಿರದ ಹಡಗು, ಬೋಟಿನವರಿಗೂ ಕೇಂತದೆ.

ಇನ್ನು "ಹೆಂಗ್ಸರಿಗೆ ಕಡಲಿನ ಎಂತ ಗೊತ್ತಿತ್ತ್?" ಅಂಬವರಿಗೆ ಒಂದೇ ಮಾತು. ಬೆಳಿಗ್ಗೆ ದಕ್ಕೆಯಲ್ಲಿ ಬುಟ್ಟಿ ಹಿಡಿದು ನಿಂತ ಹೆಂಗಸಿನ ಹತ್ರ ಯಾವ ಬೋಟು ಯಾವಾಗ ಬತ್ತದೆ ಅಂತ ಕೇಂಡು ಕಾಣಿ. ಸಂಘದ ಉಳಿತಾಯದ ಪುಸ್ತಕ, ಹಾಲಿನ ಲೆಕ್ಕ, ಮಕ್ಕಳ ಬಸ್ಸಿನ ಗಂಟೆ ಎಲ್ಲ ಹಿಡಿದು ನಡೆಸುವವರಿಗೆ ಒಂದು ಹಾಳೆಯ ಹತ್ತು ಸಾಲು ಭಾರ ಅಲ್ಲ. ದೋಣಿ ನಡೆಸುದು ಅವರೇ ಆಗಲಿ. ಗಂಟೆ ಕಾಯುವುದು ಹೇಗೂ ನಾವೇ. ಸುಮ್ಮನೆ ಕಾಯುವ ಬದಲು ತಿಳಿದು ಕಾಯುವ.

ಹೋಪವರಿಗೂ ಒಂದು ಕರಾರು ಇದೆ. ಮುಟ್ಟಿದ ಕೂಡ್ಲೇ ಫೋನ್ ಮಾಡ್ಕ್. ದೋಣಿ ಕಟ್ಟಿ, ಮೀನು ತಕಂಡು, ನಾಲ್ಕು ಜನರ ಹತ್ರ ಮಾತಾಡಿ ಆಮೇಲೆ ಅಲ್ಲ, ಹಗ್ಗ ಹಾಕಿದ ಕೂಡ್ಲೇ. ದಾರಿ ಬದಲಾದರೆ, ನಡುವಲ್ಲಿ ಎಲ್ಲಾದರೂ ನಿಂತರೆ ಅದೂ ಹೇಳ್ಕ್. ಅವರು ಚಾ ಅಂಗಡಿಯಲ್ಲಿ ಕೂತಿಪ್ಪಾಗ ಕೋಸ್ಟ್ ಗಾರ್ಡಿನವರು ಕಡಲಲ್ಲಿ ಹುಡುಕ್ತಾ ಇದ್ದರೆ ಅದು ನಮಗೂ ಮರ್ಯಾದೆ ಅಲ್ಲ, ಅದೇ ಹೊತ್ತಿಗೆ ನಿಜವಾಗಿ ಮುಳುಗುವ ಇನ್ನೊಬ್ಬನಿಗೂ ಅನ್ಯಾಯ. ತಮ್ಮ ಈ ಕರಾರಿಗೆ ಒಪ್ಪಿ ಕಾಗದದ ಅಡಿಯಲ್ಲಿ ಸಹಿ ಹಾಕಿದ್ದ. ಅವನ ಸಹಿಯ ಪಕ್ಕ ಹೆಂಡ್ತಿಯ ಸಹಿಯೂ ಇದೆ. ಬಳೆ ಅವಳದ್ದು ಅಲ್ದಾ.

ಇದನ್ನ ಓದುವವರಲ್ಲಿ ಸುರತ್ಕಲ್, ಮೂಲ್ಕಿ, ಕಾಪು, ಮಲ್ಪೆ, ಕೋಟ ಬದಿಯ ಅತ್ತೆಯಂದಿರು, ಚಿಕ್ಕಮ್ಮಂದಿರು, ಅಕ್ಕಂದಿರು ಇದ್ದೀರಿ. ನಮ್ಮ ಬಳಗ ಹೇಗೂ ಕಡಲ ಉದ್ದಕ್ಕೂ ಹರಡಿದೆ, ಅದನ್ನೇ ಕೆಲಸಕ್ಕೆ ಹಚ್ಚುವ. ಬುಧವಾರ ಬೆಳಿಗ್ಗೆ ನಿಮ್ಮ ನಂಬ್ರಗಳನ್ನ ಆ ಕಾಗದದ ಹಿಂದೆ ದಾರಿಯ ಕ್ರಮದಲ್ಲೇ ಬರೀತೆ. ದೋಣಿ ಬಿಳಿ ಬಣ್ಣ, ಬದಿಗೆ ನೀಲಿ ಪಟ್ಟಿ. ಕಂಡ್ರೆ ಕೈ ಬೀಸುದು ಬ್ಯಾಡ, ಅವರಿಗೆ ಕಾಂತಿಲ್ಲೆ. "ಇಷ್ಟ್ ಗಂಟಿಗೆ ಹೋಯ್ತ್" ಅಂತ ನನಗೆ ಒಂದು ಮೆಸೇಜ್ ಹಾಕಿ, ನಾನು ಕಾಗದದಲ್ಲಿ ಬರೀತೆ. ನಿಮ್ಮ ಮನೆಯಿಂದಲೂ ಯಾರಾದರೂ ಕಡಲಿಗೆ ಹೊರಡುವವರಿದ್ದರೆ ಇದೇ ಹಾಳೆ ನಕಲು ಮಾಡಿಕೊಳ್ಳಿ, 1554 ಮತ್ತು 1093 ದಪ್ಪ ಅಕ್ಷರದಲ್ಲಿ ಬರೆದಿಡಿ. ಬಾಗಿಲಲ್ಲಿ "ದೂರ ಹೊಂಟದ್ದಾ?" ಅಂತಲೇ ಕೇಳಿ, ಅಡ್ಡಿಲ್ಲೆ. ಎಷ್ಟು ದೂರ, ಎಷ್ಟು ಗಂಟಿ ಅಂಬುದನ್ನ ಹಿಂದಿನ ದಿನವೇ ಕೇಂಡು ಬರೆದಿಟ್ಟಿರ್ಕ್.